ದೊಡ್ಡಮ್ಮ ಬೇಡ ಅಂದಿದ್ದರು

ಕಿಡ್ನಿ ಟ್ರೇಯಲ್ಲಿ ಒಂದು ಜೊತೆ ಕೈಗವಸು, ಬೆಟಾಡಿನ್‌ನಲ್ಲಿ ಅದ್ದಿದ ಹತ್ತಿ, ಕ್ಸೈಲೊಕೇನ್ ಜೆಲ್ಲಿಯ ಟ್ಯೂಬು, 10 ಎಂ.ಎಲ್. ನೀರು ತುಂಬಿದ ಸಿರಿಂಜು. ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಸುರುಳಿ ಸುತ್ತಿಕೊಂಡಿದ್ದ, ಕಿತ್ತಳೆ ಬಣ್ಣದ ತುದಿಯ, 16ನೇ ನಂಬರಿನ ಕೊಳವೆ. ಸಿಸ್ಟರ್ ಅದನ್ನೆಲ್ಲ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಪರದೆ ಎಳೆದು, "ಅಜ್ಜಿ, ಕಾಲು ಮಡಚಿ" ಅಂದರು.

"ಏನವ್ವ ಇದು?"

"ಯೂರಿನ್‌ಗೆ ಪೈಪು."

"ಬ್ಯಾಡ ಕಣವ್ವ. ನಾನು ಪ್ಯಾಡ್ ಹಾಕ್ಕೊಂಡೇ ಬಂದಿವ್ನಿ. ಇನ್ನೂ ನಾಕು ಚೀಲದಲ್ಲವೆ."

ದೊಡ್ಡಮ್ಮನಿಗೆ ಆಗ 71. ಐದು ಹೆರಿಗೆಯಾದ ಮೈ. ಮೂತ್ರ ತಡೆಯಲಾಗದ ತೊಂದರೆ ಅವರಿಗೆ ಇಪ್ಪತ್ತು ವರ್ಷದಿಂದ ಇದೆ. ಅವತ್ತು ಬಂದದ್ದು ಹೃದಯದ ಆಂಜಿಯೋಗ್ರಾಂಗೆ. ಸಿಸ್ಟರ್ ಅವರೊಂದಿಗೆ ಮುಂದೆ ಮಾತಾಡಲಿಲ್ಲ, ನನ್ನ ಕಡೆ ತಿರುಗಿದರು. "ಮೇಡಂ, ನೀವೇ ಸ್ವಲ್ಪ ಹೇಳಿ. ತೊಡೆಸಂದಿಯಿಂದ ಆಂಜಿಯೋ ಮಾಡ್ತಾರೆ. ಆಮೇಲೆ ಆರು ಗಂಟೆ ಕಾಲು ಅಲುಗಾಡಿಸಂಗಿಲ್ಲ. ಬೆಡ್ಡೆಲ್ಲ ನೆಂದ್ರೆ ಯಾರು ಬದಲಾಯಿಸ್ತಾರೆ?"

ನಾನು ಹೇಳಿದೆ. "ಹಾಕಿಸ್ಕೋ ದೊಡ್ಡಮ್ಮ, ಐದು ನಿಮಿಷದ ಕೆಲಸ" ಅಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಕಾಗದಕ್ಕೆ ಸಹಿ ಹಾಕಿದವಳೂ ನಾನೇ. ಹತ್ತನೇ ದಿನ ಚಳಿಜ್ವರ ಬಂತು. ಮೂತ್ರದ ಕಲ್ಚರ್‌ನಲ್ಲಿ ಇ-ಕೊಲೈ ಸಿಕ್ಕಿತು. ಜ್ವರ ಇಳಿದ ಮೇಲೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಗರ್ಭಕೋಶ ತೆಗ್ದಾಗ್ಲೂ ಹಿಂಗೇ ಆಗಿತ್ತು. ಅದುಕ್ಕೇ ಬ್ಯಾಡ ಅಂದಿದ್ದೆ." ಬೇಡ ಯಾಕೆ ಅಂತ ಅವತ್ತು ಆ ವಾರ್ಡಿನಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಸಿಸ್ಟರ್ ಮೇಲೆ ನನಗೆ ಕೋಪವಿಲ್ಲ. ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರು, ಜೊತೆಗೊಬ್ಬ ಆಯಾ ಇರುವ ಕಡೆ "ಯಾರು ಬದಲಾಯಿಸ್ತಾರೆ" ಅನ್ನುವುದು ಪ್ರಾಮಾಣಿಕ ಪ್ರಶ್ನೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆಸ್ಪತ್ರೆಯ ಆಡಳಿತ. ರೋಗಿಯ ಮೂತ್ರನಾಳದಲ್ಲಿ ಅದಕ್ಕೆ ಉತ್ತರ ಹುಡುಕುವುದು ತಪ್ಪು ಅಂತ ನನಗೆ ಅರ್ಥವಾಗಲು ಆ ಚಳಿಜ್ವರ ಬೇಕಾಯಿತು.

ಮೂತ್ರದ ಮೇಲೆ ಹಿಡಿತ ತಪ್ಪುವುದನ್ನು ವೈದ್ಯಕೀಯ ಬರಹಗಳಲ್ಲಿ 'ಮೂತ್ರ ಅಸಂಯಮ' ಅನ್ನುತ್ತಾರೆ. ರೋಗಿಗೆ ಸಂಯಮವೇ ಇಲ್ಲ ಅಂದ ಹಾಗೆ ಕೇಳುವ ಈ ಪದ ನನಗೆ ಸರಿಕಾಣುವುದಿಲ್ಲ. ಮನೆಯಲ್ಲಿ ಹೆಂಗಸರು ಹೇಳುವ ರೀತಿಯೇ ಬೇರೆ, ಅದು ಹೆಚ್ಚು ನಿಖರ ಕೂಡ. "ಕೆಮ್ಮಿದ್ರೆ, ಸೀನಿದ್ರೆ ಎರಡು ಹನಿ ಬೀಳುತ್ತೆ" ಅಂದರೆ ಹೆರಿಗೆಯಿಂದಲೋ ವಯಸ್ಸಿನಿಂದಲೋ ತಳದ ಸ್ನಾಯುಗಳು ಸಡಿಲವಾಗಿವೆ ಅಂತ. "ಬಚ್ಚಲಿಗೆ ಹೋಗೋಷ್ಟರಲ್ಲಿ ಆಗ್ಬಿಡುತ್ತೆ" ಅಂದರೆ ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತಿದೆ ಅಂತ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆದ ಗಂಡಸರು, ಪಾರ್ಶ್ವವಾಯು ಹೊಡೆದವರು, ಹಳೆಯ ಸಕ್ಕರೆ ಕಾಯಿಲೆಯವರು, ಬೆನ್ನುಹುರಿಗೆ ಪೆಟ್ಟು ಬಿದ್ದ ಯುವಕರು, ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇರುವವರು ಎಲ್ಲರಿಗೂ ಕಾರಣ ಬೇರೆ ಬೇರೆ. ಎಲ್ಲರಲ್ಲೂ ಸಾಮಾನ್ಯವಾದದ್ದು ನಾಚಿಕೆ. ಮದುವೆ ಮನೆಗೆ ಹೋಗುವ ದಿನ ನೀರು ಕುಡಿಯದವರು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬೇಡ ಅನ್ನುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಇಂಥವರು ಆಸ್ಪತ್ರೆಗೆ ಬಂದಾಗ, ಬಂದ ಕಾಯಿಲೆ ಯಾವುದೇ ಇರಲಿ, ಮೊದಲು ಎದುರಾಗುವುದು ಆ ಕಿತ್ತಳೆ ತುದಿಯ ಕೊಳವೆ.

ಕೊಳವೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಫೋಲೀಸ್ ಅಂತ ಆಸ್ಪತ್ರೆಯವರು ಕರೆಯುವ ಇದಕ್ಕೆ ಆ ಹೆಸರು ಬಂದದ್ದು ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ ಅವರಿಂದ. 1930ರ ದಶಕದಲ್ಲಿ ಅವರು ಬಲೂನಿನ ಕೊಳವೆಯನ್ನು ರೂಪಿಸಿದ್ದು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವವನ್ನು ಹತೋಟಿಗೆ ತರಲು. ಕೊಳವೆ ಮೂತ್ರಕೋಶದೊಳಗೆ ಹೋದ ಮೇಲೆ ಅದರ ತುದಿಯ ಪುಟ್ಟ ಬಲೂನಿಗೆ ನೀರು ತುಂಬುತ್ತಾರೆ. ಆಮೇಲೆ ಅದು ಜಾರಿ ಬರುವುದಿಲ್ಲ. 16ನೇ ನಂಬರು ಅಂದರೆ ಐದು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ. ಹೆಂಗಸರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಗಂಡಸರಲ್ಲಿ ಸುಮಾರು 20. ಹೊರಗಿನ ಲೋಕಕ್ಕೂ ಮೂತ್ರಕೋಶಕ್ಕೂ ನಡುವೆ ದೇಹ ಕಟ್ಟಿಕೊಂಡಿರುವ ಬಾಗಿಲನ್ನು ಈ ಕೊಳವೆ ತೆರೆದೇ ಇಡುತ್ತದೆ. ಅದರ ಮೈಮೇಲೆ ಬ್ಯಾಕ್ಟೀರಿಯಾಗಳು ಪಾಚಿಯಂತೆ ಪದರ ಕಟ್ಟಿಕೊಳ್ಳುತ್ತವೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ, ಕೊಳವೆ ಇರುವ ಪ್ರತಿ ದಿನಕ್ಕೆ ಶೇ. 3ರಿಂದ 7ರಷ್ಟು ಎಂಬುದು ಬಹಳ ಕಾಲದಿಂದ ಒಪ್ಪಿಕೊಂಡಿರುವ ಲೆಕ್ಕ. "ಇರ್ಲಿ ಬಿಡಿ, ಡಿಸ್ಚಾರ್ಜ್ ದಿನ ತೆಗೆಯೋಣ" ಅನ್ನುವ ಒಂದೊಂದು ದಿನವೂ ಈ ಲೆಕ್ಕಕ್ಕೆ ಸೇರುತ್ತದೆ.

ಸೋಂಕು ಒಂದೇ ಆಗಿದ್ದರೆ ಆಂಟಿಬಯಾಟಿಕ್ ಕೊಟ್ಟು ಸುಮ್ಮನಾಗಬಹುದಿತ್ತು. ಅಮೆರಿಕದ ಮಿಷಿಗನ್‌ನ ವೈದ್ಯ ಸಂಜಯ್ ಸೇಂಟ್ ಮತ್ತು ಸಂಗಡಿಗರು ಕೊಳವೆ ಹಾಕಿಸಿಕೊಂಡ 2076 ರೋಗಿಗಳನ್ನೇ ನೇರವಾಗಿ ಕೇಳಿ, 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅದರಲ್ಲಿ ಶೇ. 57 ಮಂದಿ ಒಂದಲ್ಲ ಒಂದು ತೊಂದರೆ ಹೇಳಿಕೊಂಡರು. ಸೋಂಕಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಅವರು ಹೇಳಿದ್ದು ನೋವು, ಉರಿ, ರಕ್ತ, ಮತ್ತು ಕೊಳವೆ ತೆಗೆದ ಮೇಲಿನ ಸೋರಿಕೆ. ಇದೇ ಸೇಂಟ್ 2002ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಬರೆದ ಲೇಖನದಲ್ಲಿ, ಈ ಕೊಳವೆ ರೋಗಿಯನ್ನು ಮಂಚಕ್ಕೆ ಕಟ್ಟಿಹಾಕುವ ಹಗ್ಗವೇ ಅಲ್ಲವೇ ಎಂದು ಕೇಳಿದ್ದರು. ಚೀಲ ಮಂಚಕ್ಕೆ ತೂಗುಹಾಕಿದ ಮೇಲೆ ಮುದುಕರು ಏಳುವುದಿಲ್ಲ, ನಡೆಯುವುದಿಲ್ಲ. ಮರೆವಿನ ಕಾಯಿಲೆ ಇರುವವರು ಮಧ್ಯರಾತ್ರಿ ಬಲೂನು ಸಮೇತ ಎಳೆದುಕೊಂಡು ರಕ್ತ ಮಾಡಿಕೊಳ್ಳುತ್ತಾರೆ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಮೂತ್ರಕೋಶ ತಾನೇ ಹಿಂಡಿಕೊಳ್ಳುವ ತೊಂದರೆ ಇರುವವರಲ್ಲಿ ಕೊಳವೆ ಹಾಕಿದರೂ ಅದರ ಪಕ್ಕದಿಂದ ಮೂತ್ರ ಸೋರುವುದುಂಟು. ಕೊಳವೆಯೂ ಇರುತ್ತದೆ, ಹಾಸಿಗೆಯೂ ಒದ್ದೆಯಾಗುತ್ತದೆ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರಲ್ಲಿ ಹೊರತಂದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೂತ್ರ ತಡೆಯಲಾಗದ ರೋಗಿಗೆ ಕೊಡಬೇಕಾದ ಶುಶ್ರೂಷೆಗೆ ಬದಲಾಗಿ ಕೊಳವೆ ಹಾಕುವುದನ್ನು ಅದು ಅನುಚಿತ ಬಳಕೆಗಳ ಸಾಲಿನಲ್ಲೇ ಇಟ್ಟಿದೆ. ನಮ್ಮ ವೈದ್ಯರಿಗೆ ಇದು ಅಪರಿಚಿತ ದಾಖಲೆಯೇನಲ್ಲ. ಸೋಂಕು ನಿಯಂತ್ರಣದ ತರಬೇತಿಗಳಲ್ಲಿ ಇದರ ಮಾತು ಬರುತ್ತದೆ. ವಾರ್ಡಿಗೆ ಬಂದಾಗ ಮರೆತುಹೋಗುತ್ತದೆ.

ಹಾಗಂತ ಕೊಳವೆ ಶತ್ರುವಲ್ಲ. ಮೂತ್ರ ಪೂರ್ತಿ ಕಟ್ಟಿಕೊಂಡು ಹೊಟ್ಟೆ ಉಬ್ಬಿ ಒದ್ದಾಡುವವನಿಗೆ ಅದು ದೇವರು ಬಂದ ಹಾಗೆ. ಐಸಿಯುನಲ್ಲಿ ಬಿಪಿ ಬಿದ್ದವರ ಮೂತ್ರವನ್ನು ಗಂಟೆಗಂಟೆಗೂ ಅಳೆಯಬೇಕು, ಅದು ಮೂತ್ರಪಿಂಡದ ಸ್ಥಿತಿ ಹೇಳುವ ಗಡಿಯಾರ. ಸಿಸೇರಿಯನ್‌ನಲ್ಲಿ, ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿ ಚಾಕುವಿನ ಪಕ್ಕದಲ್ಲೇ ಮೂತ್ರಕೋಶ ಇರುತ್ತದೆ. ಅದು ಖಾಲಿಯಾಗಿದ್ದರೆ ಕ್ಷೇಮ. ಹಲವು ಗಂಟೆಗಳ ಆಪರೇಷನ್‌ಗೂ ಬೇಕಾಗಬಹುದು. ಕೆಳಬೆನ್ನಿನಲ್ಲಿ ಹುಣ್ಣಾಗಿ, ಒದ್ದೆಯಿಂದ ಅದು ಮಾಯದೆ ಇದ್ದಾಗ ಕೆಲ ದಿನ ಕೊಳವೆ ಹಾಕುವುದನ್ನು ಅದೇ 2009ರ ಮಾರ್ಗಸೂಚಿ ಒಪ್ಪುತ್ತದೆ. ಕೊನೆಯ ದಿನಗಳಲ್ಲಿ ರೋಗಿಯ ನೆಮ್ಮದಿಗೆ ಹಾಕುವುದನ್ನೂ ಒಪ್ಪುತ್ತದೆ. ಇಲ್ಲೆಲ್ಲ ಕಾರಣ ರೋಗಿಯ ದೇಹದಲ್ಲಿದೆ. ಆ ಕಾರಣವನ್ನು ರೋಗಿಗೇ ಹೇಳಿದರೆ ಬಹುಪಾಲು ಜನ ಒಪ್ಪುತ್ತಾರೆ. ಒಪ್ಪದಿದ್ದರೆ?

ಈ ಪ್ರಶ್ನೆಗೆ ನಮ್ಮ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದೇ ಉತ್ತರ ಕೊಟ್ಟಿದೆ. ಸಮೀರಾ ಕೊಹ್ಲಿ ಪ್ರಕರಣ ಅದು. 1995ರಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ವಿಪರೀತ ಸ್ರಾವವೆಂದು ದೆಹಲಿಯ ವೈದ್ಯರ ಬಳಿ ಹೋದರು. ಹೊಟ್ಟೆಯೊಳಗೆ ದರ್ಶಕ ಹಾಯಿಸಿ ನೋಡುವ ತಪಾಸಣೆಗೆಂದು ಅರಿವಳಿಕೆ ಕೊಟ್ಟರು. ಅವರು ಪ್ರಜ್ಞೆ ಇಲ್ಲದೆ ಮಲಗಿರುವಾಗಲೇ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಟ್ಟರು. ರೋಗಿಯ ಒಳ್ಳೆಯದಕ್ಕೇ ಮಾಡಿದ್ದು, ಇನ್ನೊಂದು ಸಲ ಅರಿವಳಿಕೆ ಕೊಡುವುದು ತಪ್ಪಿತು ಎಂಬುದು ವೈದ್ಯರ ಕಡೆಯ ವಾದದ ಸಾರ. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್. ವಯಸ್ಕ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿ ತಾತ್ಕಾಲಿಕವಾಗಿ ಅರಿವಳಿಕೆಯಲ್ಲಿದ್ದ ಮಾತ್ರಕ್ಕೆ ಬೇರೆ ಯಾರೂ ಅವರ ಪರವಾಗಿ ಒಪ್ಪಿಗೆ ಕೊಡುವಂತಿಲ್ಲ ಅಂದರು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ ಅಂದರು. ರೋಗಿಗೆ ಒಳಿತಾಗುತ್ತದೆ, ಸಮಯ ಉಳಿಯುತ್ತದೆ, ದುಡ್ಡು ಉಳಿಯುತ್ತದೆ ಅನ್ನುವುದು ಸಮರ್ಥನೆಯಾಗದು, ಕಾಯುವುದಕ್ಕೆ ಆಗದಂಥ ಪ್ರಾಣಾಪಾಯ ಇದ್ದಾಗ ಮಾತ್ರ ವಿನಾಯಿತಿ ಅಂದರು. ಪರಿಹಾರವಾಗಿ ಸಿಕ್ಕಿದ್ದು 25,000 ರೂಪಾಯಿ ಮಾತ್ರ. ಆದರೆ ಒಪ್ಪಿಗೆ ಎಂದರೇನು ಎಂಬ ವಿವರಣೆ ದೇಶಕ್ಕೆ ಸಿಕ್ಕಿತು: ಮಾಡುವುದು ಏನು, ಯಾಕೆ, ಬೇರೆ ದಾರಿ ಇದೆಯೇ, ಅಪಾಯವೇನು, ಬೇಡ ಅಂದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿದ ಮೇಲೆ ಪಡೆದದ್ದು ಮಾತ್ರ ಒಪ್ಪಿಗೆ.

ಗರ್ಭಕೋಶ ತೆಗೆಯುವುದಕ್ಕೂ ಕೊಳವೆ ಹಾಕುವುದಕ್ಕೂ ಹೋಲಿಕೆಯೇ ಅಂತ ಕೆಲವರು ಕೇಳಬಹುದು. ಪರಿಣಾಮದಲ್ಲಿ ಹೋಲಿಕೆ ಇಲ್ಲ, ನಿಜ. ತತ್ವ ಮಾತ್ರ ಒಂದೇ. ಅಪರಿಚಿತರು ಗುಪ್ತಾಂಗವನ್ನು ಮುಟ್ಟಿ ಒಳಗೆ ವಸ್ತುವೊಂದನ್ನು ಸೇರಿಸುವುದು ಚಿಕ್ಕ ಸಂಗತಿ ಅಂತ ಅನ್ನಿಸುವುದು ದಿನಕ್ಕೆ ಹತ್ತು ಸಲ ಅದನ್ನು ಮಾಡುವವರಿಗೆ. ಮಾಡಿಸಿಕೊಳ್ಳುವವರಿಗೆ ಅದು ಹಾಗಿರುವುದಿಲ್ಲ. ಹಿಂದೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಅದನ್ನು ಯಾರಿಗೂ ಹೇಳದ ಹೆಂಗಸು ಆ ಮಂಚದ ಮೇಲೆ ಮಲಗಿರಬಹುದು. ಅವಳು "ಬೇಡ" ಅನ್ನುವುದಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ. ಅಮೆರಿಕದ ಸೌತ್ ಡಕೋಟದಲ್ಲಿ ಪೊಲೀಸರು ಮಾದಕವಸ್ತು ಪರೀಕ್ಷೆಗೆಂದು ಜನರನ್ನು ಅದುಮಿ ಹಿಡಿದು ಕೊಳವೆಯಿಂದ ಮೂತ್ರ ತೆಗೆಸುತ್ತಿದ್ದರು. 2020ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಅದು ಸಂವಿಧಾನಬಾಹಿರ ಎಂದು ಹೇಳಿತು. ಆಸ್ಪತ್ರೆಯ ವಾರ್ಡು ಪೊಲೀಸ್ ಠಾಣೆಯಲ್ಲ, ಅಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಆದರೂ ಇಬ್ಬರು ತೊಡೆ ಹಿಡಿದುಕೊಂಡು ಒಬ್ಬರು ಕೊಳವೆ ತೂರಿಸುವಾಗ ಮಂಚದ ಮೇಲಿರುವ ಮೈಗೆ ಉದ್ದೇಶದ ವ್ಯತ್ಯಾಸ ಗೊತ್ತಾಗುವುದಿಲ್ಲ.

2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದಲ್ಲಿ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಸಂಖ್ಯೆಯ ಜೊತೆಗೆ ನಮ್ಮ ನೆನಪಿನಲ್ಲಿ ಉಳಿದಿರುವ ಆ ತೀರ್ಪು ದೇಹದ ಮೇಲಿನ ಸ್ವಂತ ಅಧಿಕಾರವನ್ನೂ ಖಾಸಗಿತನದ ಭಾಗವಾಗಿ ಕಂಡಿದೆ. ಅದೇ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪಿನ ಪ್ರಕಾರ ತಿಳಿವಳಿಕೆ ಇರುವ ವಯಸ್ಕರು ಜೀವ ಉಳಿಸುವ ಚಿಕಿತ್ಸೆಯನ್ನೂ ನಿರಾಕರಿಸಬಹುದು. ವೆಂಟಿಲೇಟರ್ ಬೇಡ ಅನ್ನುವ ಹಕ್ಕಿರುವವರಿಗೆ ಮೂತ್ರದ ಪೈಪು ಬೇಡ ಅನ್ನುವ ಹಕ್ಕು ಇಲ್ಲದಿರಲು ಸಾಧ್ಯವೇ?

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ನಮ್ಮಲ್ಲಿ ಸಹಿ ಹಾಕುವುದು ಮನೆಯವರು. ಈ ರೂಢಿಯ ಬೇರು ಎಷ್ಟು ಆಳದಲ್ಲಿದೆ ಎಂಬುದಕ್ಕೆ, ವೈದ್ಯರ ವೃತ್ತಿ ನಡವಳಿಕೆಗಾಗಿ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಾವಳಿಯ 7.16ನೇ ಅಂಶವನ್ನೇ ನೋಡಿ. ಶಸ್ತ್ರಚಿಕಿತ್ಸೆಗೆ ಮುನ್ನ ಯಾರ ಲಿಖಿತ ಒಪ್ಪಿಗೆ ಪಡೆಯಬೇಕು ಎಂದು ಹೇಳುವಾಗ ಅಲ್ಲಿ ಮೊದಲು ಬರುವುದು ಗಂಡ ಅಥವಾ ಹೆಂಡತಿ. ಆಮೇಲೆ, ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರು. ರೋಗಿಯ ಹೆಸರು ಬರುವುದು ಕಟ್ಟಕಡೆಗೆ. ಅದನ್ನು ಮೊದಲ ಸಲ ಓದಿದಾಗ, ಆ ದಿನ ಪರದೆಯ ಹಿಂದೆ ಸಿಸ್ಟರ್ ನನ್ನ ಕಡೆ ತಿರುಗಿದ್ದು ನನಗೆ ನೆನಪಾಯಿತು.

ಮೂತ್ರ ತಡೆಯಲಾಗದವರ ವಿಷಯದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಡೈಪರ್ ಕಂಡ ಕೂಡಲೇ ದನಿ ಬದಲಾಗುತ್ತದೆ. "ಜಾಣ ಅಜ್ಜಿ ಅಲ್ವಾ, ಹಟ ಮಾಡಬಾರದು" ಅನ್ನುತ್ತಾರೆ. ಮೂತ್ರಕೋಶದ ಹಿಡಿತ ತಪ್ಪಿದವರಿಗೆ ಬುದ್ಧಿಯ ಹಿಡಿತವೂ ತಪ್ಪಿದೆ ಅಂದುಕೊಂಡ ಹಾಗೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಎಷ್ಟೋ ಜನ ದಿನಕ್ಕೆ ನಾಲ್ಕಾರು ಸಲ ತಾವೇ ತೆಳು ಕೊಳವೆ ಹಾಕಿ ಮೂತ್ರ ತೆಗೆದುಕೊಂಡು, ಅದನ್ನು ಆಗಲೇ ಹೊರತೆಗೆಯುತ್ತಾರೆ. ತಮ್ಮ ಮೂತ್ರಕೋಶ ಎಷ್ಟು ಹೊತ್ತಿಗೆ ತುಂಬುತ್ತದೆ, ಯಾವ ಅಳತೆಯ ಕೊಳವೆ ಒಗ್ಗುತ್ತದೆ ಅಂತ ವಾರ್ಡಿನ ಯಾರಿಗಿಂತಲೂ ಚೆನ್ನಾಗಿ ಅವರಿಗೆ ಗೊತ್ತು. ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಬೆನ್ನುಹುರಿ ಘಾಸಿಗೊಂಡವರಲ್ಲಿ, ಒಳಗೇ ಬಿಟ್ಟ ಕೊಳವೆ ಮಡಚಿಕೊಂಡೋ ಕಟ್ಟಿಕೊಂಡೋ ಮೂತ್ರಕೋಶ ಉಬ್ಬಿದರೆ ರಕ್ತದೊತ್ತಡ ಹಠಾತ್ತನೆ ಪ್ರಾಣಕ್ಕೆ ಅಪಾಯವಾಗುವ ಮಟ್ಟಕ್ಕೆ ಏರಬಹುದು. ಹುಟ್ಟಿನಿಂದ ಬೆನ್ನುಹುರಿಯ ತೊಂದರೆ ಇರುವವರಲ್ಲಿ ಲೇಟೆಕ್ಸ್ ರಬ್ಬರಿನ ಅಲರ್ಜಿ ಸಾಮಾನ್ಯ. ಇಂಥವರ "ಬೇಡ" ಎಂಬ ಮಾತಿನೊಳಗೆ ವರ್ಷಗಳ ಅನುಭವ ಇರುತ್ತದೆ.

ನಿಜಕ್ಕೂ ಅರಿವು ಮಸುಕಾದವರ ವಿಷಯ ಬೇರೆ. ಪ್ರಜ್ಞೆ ತಪ್ಪಿ ಬಂದವರಿಗೆ, ಒಪ್ಪಿಗೆ ಕೇಳಲು ಸಾಧ್ಯವೇ ಇಲ್ಲದಿದ್ದಾಗ, ಒಳಿತಿಗಾಗಿ ಸದುದ್ದೇಶದಿಂದ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಮರೆವಿನ ಕಾಯಿಲೆಯವರ ಪರವಾಗಿ ಮನೆಯವರು ತೀರ್ಮಾನಿಸಬೇಕಾಗುತ್ತದೆ. ಆಗಲೂ ಕೇಳಿಕೊಳ್ಳಬೇಕಾದದ್ದು "ನಮಗೆ ಏನು ಸುಲಭ" ಅಂತ ಅಲ್ಲ, "ಬುದ್ಧಿ ಸರಿಯಿದ್ದಾಗ ಇವರು ಏನು ಅನ್ನುತ್ತಿದ್ದರು" ಅಂತ.

ವೈದ್ಯರ ಕಡೆಯಿಂದಲೂ ಒಂದು ನ್ಯಾಯವಾದ ಮಾತಿದೆ. ಕೊಳವೆ ಇಲ್ಲದೆ ಈ ಆಪರೇಷನ್ ಮಾಡುವುದು ಅಪಾಯ ಅಂತ ಶಸ್ತ್ರಚಿಕಿತ್ಸಕರಿಗೆ ಪ್ರಾಮಾಣಿಕವಾಗಿ ಅನ್ನಿಸಿದರೆ, ಅವರನ್ನು ಬಲವಂತ ಮಾಡುವ ಹಕ್ಕು ರೋಗಿಗಿಲ್ಲ. ತುರ್ತಿಲ್ಲದಿದ್ದಾಗ ಅವರು ಒಲ್ಲೆ ಅನ್ನಬಹುದು, ಬೇರೆ ವೈದ್ಯರ ಕಡೆ ಕಳಿಸಬಹುದು. ಆದರೆ ಆ ಮಾತುಕತೆ ನಡೆಯಬೇಕಾದ ಜಾಗ ಹೊರರೋಗಿ ವಿಭಾಗದ ಕುರ್ಚಿ, ನಾಲ್ಕಾರು ದಿನ ಮೊದಲು. ಖಾಲಿ ಹೊಟ್ಟೆಯಲ್ಲಿ, ಹಸಿರು ಗೌನು ತೊಡಿಸಿ, ಸ್ಟ್ರೆಚರ್ ಮೇಲೆ ಮಲಗಿಸಿ "ಹಾಕಿಸ್ಕೊಳ್ಳದಿದ್ರೆ ಆಪರೇಷನ್ ಕ್ಯಾನ್ಸಲ್" ಅನ್ನುವುದು ಮಾತುಕತೆಯಲ್ಲ. ಹೆದರಿಸಿ ಪಡೆದದ್ದು ಒಪ್ಪಿಗೆಯೇ ಅಲ್ಲ ಅಂತ ಅದೇ ನ್ಯಾಯ ಸಂಹಿತೆಯ 28ನೇ ಸೆಕ್ಷನ್ ಹೇಳುತ್ತದೆ.

ಮಾತುಕತೆ ನಡೆದರೆ ದಾರಿಗಳು ತಾವಾಗಿಯೇ ಕಾಣುತ್ತವೆ. ಒಳ್ಳೆಯ ಪ್ಯಾಡು, ಕೆಳಗೆ ಒಂದು ಅಂಡರ್‌ಪ್ಯಾಡ್, ಹೊತ್ತುಹೊತ್ತಿಗೆ ಬದಲಾವಣೆ, ಚರ್ಮಕ್ಕೆ ಜಿಂಕ್ ಮುಲಾಮು. ಗಂಡಸರಿಗೆ ಹೊರಗಿನಿಂದಲೇ ತೊಡಿಸುವ ಕಾಂಡೋಮ್ ಕ್ಯಾತಿಟರ್ ಇದೆ. ಮೂತ್ರಕೋಶದಲ್ಲಿ ಎಷ್ಟು ತುಂಬಿದೆ ಅಂತ ಹೊಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟು ನೋಡಬಹುದು. ಆಪರೇಷನ್ ಥಿಯೇಟರಿಗೆ ಒಯ್ಯುವ ಮುಂಚೆ ಶೌಚಾಲಯಕ್ಕೆ ಹೋಗಿ ಬರಲು ಹೇಳಿದರೆ ಎಷ್ಟೋ ಚಿಕ್ಕ ಆಪರೇಷನ್‌ಗಳಿಗೆ ಅಷ್ಟೇ ಸಾಕು. ಹಾಕಲೇಬೇಕಾದರೆ ಎಷ್ಟು ಹೊತ್ತಿಗೆ ತೆಗೆಯಬೇಕು, ತೆಗೆಯುವವರು ಯಾರು ಅಂತ ಕೇಸ್ ಶೀಟಿನಲ್ಲಿ ಆಗಲೇ ಬರೆಯಬೇಕು. ನನ್ನ ದೊಡ್ಡಮ್ಮನ ವಿಷಯಕ್ಕೇ ಬಂದರೆ, ಆಂಜಿಯೋಗ್ರಾಂ ಅನ್ನು ಮಣಿಕಟ್ಟಿನ ರಕ್ತನಾಳದಿಂದಲೂ ಮಾಡುತ್ತಾರೆ, ಮುಗಿದ ಸ್ವಲ್ಪ ಹೊತ್ತಿಗೇ ಎದ್ದು ಕೂರಬಹುದು ಅಂತ ನನಗೆ ತಿಳಿದದ್ದು ಆಮೇಲೆ. ಅವರಿಗೆ ಆ ದಾರಿ ಹೊಂದುತ್ತಿತ್ತೋ ಇಲ್ಲವೋ ಹೇಳಬೇಕಾದವರು ಹೃದಯ ತಜ್ಞರು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಎರಡು ವರ್ಷದ ಮೇಲೆ ದೊಡ್ಡಮ್ಮನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಬೇರೆ ಆಸ್ಪತ್ರೆ, ಲ್ಯಾಪರೊಸ್ಕೋಪಿ ಆಪರೇಷನ್. ಹಿಂದಿನ ವಾರವೇ ಅವರು ನನ್ನ ಕೈಯಲ್ಲಿ ಒಂದು ಚೀಟಿ ಬರೆಸಿದರು. ತಾವು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ನನಗೆ ಮೂತ್ರ ತಡೆಯಲು ಆಗುವುದಿಲ್ಲ. ಎರಡು ಸಲ ಪೈಪು ಹಾಕಿ ಎರಡು ಸಲವೂ ಜ್ವರ ಬಂದಿದೆ. ಪೈಪು ಹಾಕಬೇಡಿ. ಪ್ಯಾಡ್ ನಾನೇ ತಂದಿದ್ದೇನೆ. ಕೆಳಗೆ ಸಹಿ ಅವರದು. ನಾಲ್ಕನೇ ಕ್ಲಾಸಿನವರೆಗೆ ಕಲಿತ ದುಂಡನೆಯ ಅಕ್ಷರ.

ಅರಿವಳಿಕೆ ಕೊಡುವ ಹುಡುಗ ವೈದ್ಯ ಅದನ್ನು ಎರಡು ಸಲ ಓದಿ, ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತರು. ನನ್ನ ಕಡೆ ನೋಡಲಿಲ್ಲ.

"ಅಜ್ಜಿ, ಮಧ್ಯದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿ, ಹಾಕಲೇಬೇಕು ಅಂತಾದ್ರೆ?"

"ಜೀವುಕ್ಕೆ ಬಂದ್ರೆ ಹಾಕಪ್ಪ. ಎಚ್ಚರಾದ್ಮೇಲೆ ನಂಗೆ ಹೇಳ್ಬೇಕು. ಬೆಳಿಗ್ಗೆ ಒಳಗೆ ತೆಗಿಬೇಕು."

ಅವರು ಅಷ್ಟನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡು, ದೊಡ್ಡಮ್ಮನಿಗೆ ಓದಿ ಹೇಳಿ, ಪಕ್ಕದಲ್ಲಿ ಅವರ ಸಹಿ ಹಾಕಿಸಿಕೊಂಡರು. ಆಪರೇಷನ್ ಮುಗಿಯಲು ಒಂದು ಗಂಟೆ ಹಿಡಿಯಿತು. ಪೈಪು ಬೇಕಾಗಲಿಲ್ಲ. ರಾತ್ರಿ ಎರಡಕ್ಕೆ ಒಮ್ಮೆ, ಐದಕ್ಕೆ ಒಮ್ಮೆ ಆಯಾ ಬಂದು ದೊಡ್ಡಮ್ಮನನ್ನು ಮಗ್ಗುಲಿಗೆ ಹೊರಳಿಸಿ ಹಾಸು ಬದಲಾಯಿಸಿದರು, ನಾನು ಇನ್ನೊಂದು ತುದಿ ಹಿಡಿದುಕೊಂಡೆ.